ಗಲ್ಫಿನಲ್ಲಿರುವ ಮಗನ ಮನಸ್ಸು ಕುಗ್ಗಿದಾಗ ಮನೆಯವರು ಏನು ಮಾಡಬೇಕು?

ಕಲಬುರಗಿ, ಬೀದರ್, ಯಾದಗಿರಿಯ ಎಷ್ಟೋ ಮುಸ್ಲಿಂ ಮನೆಗಳ ಮಕ್ಕಳು ದುಬೈ, ಸೌದಿಯಲ್ಲಿ ದುಡಿಯುತ್ತಿದ್ದಾರೆ. ‘ನಿದ್ರೆ ಬರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ’ ಎಂದು ಅಲ್ಲಿಂದ ಫೋನ್ ಬಂದಾಗ ಮನೆಯವರು ಆ ಮೊದಲ ಮಾತುಕತೆಯಲ್ಲೇ ಎಡವುವುದನ್ನು ನೋಡುತ್ತಲೇ ಬಂದಿದ್ದೇನೆ.

ಮೊದಲು ಸ್ಪೀಕರ್ ಆಫ್ ಮಾಡಿ. ಇಡೀ ಮನೆ ಕೇಳಿಸಿಕೊಳ್ಳುತ್ತಿದ್ದರೆ ಅವನು ‘ಆರಾಮಿದ್ದೇನೆ ಅಮ್ಮಿ’ ಎಂದಷ್ಟೇ ಹೇಳುತ್ತಾನೆ. ಅಲ್ಲಿ ಅವನ ಕೋಣೆಯಲ್ಲೂ ಜನ. ಹೊರಗೆ ಬಂದು ಮಾತಾಡಬಲ್ಲ ಹೊತ್ತನ್ನು ಕೇಳಿಕೊಂಡು, ಅವನಿಗೆ ಸಲಿಗೆಯಿರುವ ಒಬ್ಬರೇ ಕರೆ ಮಾಡಿ.

‘ಏನಾಯಿತು?’ ಎಂದರೆ ಉತ್ತರ ಬರುವುದಿಲ್ಲ. ನಿನ್ನೆ ರಾತ್ರಿ ಎಷ್ಟು ಗಂಟೆ ಮಲಗಿದೆ, ಊಟ ಮಾಡಿದೆಯಾ, ಡ್ಯೂಟಿಗೆ ಹೋದೆಯಾ ಎಂದು ಕೇಳಿ, ಸುಮ್ಮನೆ ಕಾಯಿರಿ. ತಂಗಿಯ ಮದುವೆಯ ಸಾಲ, ಮನೆಯ ಸ್ಲ್ಯಾಬಿನ ಮಾತು ಆ ದಿನ ಬೇಡವೇ ಬೇಡ. ‘ನಮಾಜ್ ಬಿಟ್ಟಿರಬೇಕು, ಅದಕ್ಕೇ ಹೀಗೆ’ ಎನ್ನಲೇಬೇಡಿ. ನಮಾಜಿನಿಂದ ಬಲ ಸಿಗುತ್ತದೆ, ಆ ಮಾತಿನಿಂದ ಅಪರಾಧಿ ಭಾವ ಮಾತ್ರ. ದುವಾ ಮಾಡಿ, ಡಾಕ್ಟರಿಗೂ ತೋರಿಸಿ.

ಕಷ್ಟದ ಪ್ರಶ್ನೆಯನ್ನು ನೇರವಾಗಿಯೇ ಕೇಳಿ: ‘ಸಾಯಬೇಕು ಅನ್ನಿಸುತ್ತಿದೆಯಾ?’ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು. ಆತ್ಮಹತ್ಯೆ ಹರಾಮ್, ಅಂದರೆ ಧರ್ಮದಲ್ಲಿ ನಿಷಿದ್ಧ, ಎಂಬ ಭಯದಿಂದ ಅವನಾಗಿಯೇ ಬಾಯಿಬಿಡುವುದಿಲ್ಲ. ‘ನಾನು ಬೈಯುವುದಿಲ್ಲ’ ಎಂದು ಮೊದಲೇ ಹೇಳಿಬಿಡಿ. ಹೌದು ಎಂದರೆ ಕರೆ ಕಡಿಯಬೇಡಿ. ಇನ್ನೊಂದು ಫೋನಿನಿಂದ ಅವನ ರೂಮಿನವರನ್ನು ಹಿಡಿದು, ಒಂಟಿಯಾಗಿ ಬಿಡದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಲು ಹೇಳಿ. ಯುಎಇಯಲ್ಲಿದ್ದರೆ ಭಾರತೀಯ ರಾಯಭಾರ ಕಚೇರಿಯ ನೆರವಿನ ಕೇಂದ್ರವಾದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 800 46342ಕ್ಕೆ ಅಲ್ಲಿಂದಲೇ ಕರೆ ಮಾಡಬಹುದು.

ಮನೆಯವರಿಗೆ ದಾರಿ ತೋಚದಿದ್ದರೆ 14416. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.

ರಜೆಗೆ ಬಂದಾಗ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ನಿದ್ರೆ ಮಾತ್ರೆ ಕೇಳಬೇಡಿ. ‘ನರಗಳ ಶಕ್ತಿಗೆ’ ಎಂದು ಮಾರುವ ಹೆಸರಿಲ್ಲದ ಪುಡಿಗಳನ್ನಂತೂ ಮನೆಯೊಳಗೇ ತರಬೇಡಿ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, ನಾಲ್ಕು ದಿನಕ್ಕೆ ಬಿಡಬಾರದು. ರಂಜಾನ್ ಬಂದರೆ ಸಹರಿ, ಇಫ್ತಾರ್ ಹೊತ್ತಿಗೆ ಮಾತ್ರೆ ಹೊಂದಿಸಬಹುದೇ ಎಂದು ವೈದ್ಯರನ್ನೇ ಕೇಳಿ. ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಕುರಾನಿನಲ್ಲೇ ಇದೆ.

ವಾಪಸ್ ಹೊರಡುವ ಮುನ್ನ ಒಂದು ಕೆಲಸ: ಇಂಥ ಕೆಲವು ಮಾತ್ರೆಗಳನ್ನು ಯುಎಇಗೆ ಒಯ್ಯಲು ಅಲ್ಲಿನ ಸರ್ಕಾರದ ಅನುಮತಿ ಬೇಕು. ವೈದ್ಯರ ಚೀಟಿಯೊಂದಿಗೆ ಆನ್‌ಲೈನಿನಲ್ಲಿ ಮೊದಲೇ ಅರ್ಜಿ ಹಾಕಿ, ಅನುಮತಿಯ ಪ್ರತಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲಿ.