ಮೊಟ್ಟೆಯಲ್ಲಿ ಜೀವ ಇದೆಯೋ ಇಲ್ಲವೋ, ನೋಡುವುದು ಹೇಗೆ?

ಗೋವಾದ ಫೋಂಡಾದಲ್ಲಿ ನಮ್ಮ ಹಿತ್ತಲಿಗೆ ಅಂಟಿಕೊಂಡೇ ಹಾವೇರಿ ಕಡೆಯ ಒಂದು ಸಂಸಾರ ಇದೆ. ಆ ಮನೆ ಸೊಸೆ ಮೊನ್ನೆ ಸೆರಗಿನಲ್ಲಿ ಎರಡು ಮೊಟ್ಟೆ ಇಟ್ಟುಕೊಂಡು ಬಂದಳು. "ಕಾಕು, ಇದ್ರಾಗ ಜೀವ ಐತೋ ಇಲ್ಲೋ ನೋಡ್ರಿ. ಇದ್ರ ನಮ್ಮತ್ತಿ ಮುಟ್ಟಂಗಿಲ್ಲ" ಅಂದಳು. ಅತ್ತೆಯವರು ಅಂಗಡಿ ಮೊಟ್ಟೆ ತಿನ್ನುತ್ತಾರೆ, ಹಿತ್ತಲ ಮೊಟ್ಟೆ ಬೇಡ ಅನ್ನುತ್ತಾರೆ. ಅವರ ಲೆಕ್ಕ ಪೂರ್ತಿ ತಪ್ಪೇನಲ್ಲ. ಮೊಟ್ಟೆಗೆಂದೇ ಕೋಳಿ ಸಾಕುವ ಫಾರಂಗಳಲ್ಲಿ ಹುಂಜ ಇರುವುದಿಲ್ಲ. ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಅದರಿಂದ ಮರಿ ಮಾತ್ರ ಆಗುವುದಿಲ್ಲ. ಇವಳ ಹಿತ್ತಲಲ್ಲೋ ಬೆಳಗಿನ ಜಾವ ನಾಲ್ಕಕ್ಕೆ ಕೂಗಿ ಇಡೀ ಓಣಿಯನ್ನು ಎಬ್ಬಿಸುವ ಹುಂಜ ಇದೆ!

ಇಟ್ಟು ಒಂದೆರಡು ದಿನವಾದ ಮೊಟ್ಟೆಯನ್ನು ಒಡೆಯದೆ ಹೇಳುವ ಉಪಾಯ ಮನೆಯಲ್ಲಿ ಯಾವುದೂ ಇಲ್ಲ. ದಾರಕ್ಕೆ ಉಂಗುರ ಕಟ್ಟಿ ತೂಗಿ ನೋಡುವುದು, ಚೂಪಾಗಿದ್ದರೆ ಹುಂಜ, ಗುಂಡಗಿದ್ದರೆ ಹೇಂಟೆ ಅನ್ನುವುದು, ಎಲ್ಲ ಸುಮ್ನೆ ಮಾತು. ನೀರಿಗೆ ಹಾಕಿ ನೋಡಿದರೆ ಹೊಸದೋ ಹಳೆಯದೋ ತಿಳಿಯುತ್ತದೆ. ತಳದಲ್ಲಿ ಅಡ್ಡ ಮಲಗಿದರೆ ಹೊಸದು, ತೇಲಿದರೆ ಹಳೆಯದು. ಜೀವದ ವಿಷಯ ಅದರಿಂದ ತಿಳಿಯುವುದಿಲ್ಲ.

ಹಾಗಾಗಿ ಒಂದನ್ನು ಬಿಳಿ ತಟ್ಟೆಗೆ ಒಡೆದೆ. ಹಳದಿಯ ಮೇಲ್ಭಾಗದಲ್ಲಿ ಒಂದು ಬಿಳಿ ಚುಕ್ಕೆ ಇರುತ್ತದೆ. ಕಾಣದಿದ್ದರೆ ಚಮಚದ ಬೆನ್ನಿನಿಂದ ಹಳದಿಯನ್ನು ಮೆಲ್ಲಗೆ ಹೊರಳಿಸಿ. ಆ ಚುಕ್ಕೆ ಎಲ್ಲ ಮೊಟ್ಟೆಯಲ್ಲೂ ಇರುತ್ತದೆ, ಅದರ ಆಕಾರ ನೋಡಬೇಕು. ಹುಂಜ ಕೂಡದ ಮೊಟ್ಟೆಯಲ್ಲಿ ಅದು ಸಣ್ಣದಾಗಿ, ಗಟ್ಟಿ ಬಿಳಿಯಾಗಿ, ಅಂಚು ಅಂಕುಡೊಂಕಾಗಿ, ಸುಣ್ಣ ಸಿಡಿದ ಹಾಗೆ ಕಾಣುತ್ತದೆ. ಹುಂಜ ಕೂಡಿದ ಮೊಟ್ಟೆಯಲ್ಲಿ ಜೋಳದ ಕಾಳಿನಷ್ಟು ಅಗಲದ ದುಂಡನೆ ಬಳೆ, ನಡುವೆ ತಿಳಿ ಜಾಗ. ಕೇರಂ ಬೋರ್ಡಿನ ನಡುವೆ ಬರೆದಿರುತ್ತದಲ್ಲ, ಹಾಗೆ ವೃತ್ತದೊಳಗೆ ವೃತ್ತ. ಮೊಟ್ಟೆ ಕೋಳಿಯ ಹೊಟ್ಟೆಯಲ್ಲಿ ತಯಾರಾಗಲು ಹೆಚ್ಚುಕಡಿಮೆ 25 ಗಂಟೆ ಬೇಕು. ಅಷ್ಟು ಹೊತ್ತು ಒಳಗಿನ ಬಿಸಿಗೆ ಆ ಚುಕ್ಕೆ ಆಗಲೇ ಬೆಳೆಯತೊಡಗಿರುತ್ತದೆ, ಅದಕ್ಕೇ ಈ ಬಳೆ.

ಇವಳ ಮೊಟ್ಟೆಯಲ್ಲಿ ಬಳೆ ಚೆನ್ನಾಗಿಯೇ ಇತ್ತು. ಆದರೆ ಅವಳ ಕಣ್ಣು ಹೋಗಿದ್ದು ಹಳದಿಯ ಪಕ್ಕದ ಬಿಳಿ ದಾರದ ಕಡೆ. "ಇದೇ ಮರಿ ಏನ್ರಿ?" ಅಂದಳು. ಅಲ್ಲ, ಅದು ಹಳದಿಯನ್ನು ನಡುವೆ ಹಿಡಿದಿಡುವ ಹುರಿ. ಅಂಗಡಿ ಮೊಟ್ಟೆಯಲ್ಲೂ ಇರುತ್ತದೆ. ರಕ್ತದ ಚುಕ್ಕೆಯೂ ಹಾಗೇ. ಮೊಟ್ಟೆ ಆಗುವಾಗ ಕೋಳಿಯ ಒಳಗೆ ಸಣ್ಣ ನರ ಒಡೆದರೆ ಬರುತ್ತದೆ, ಹುಂಜಕ್ಕೂ ಅದಕ್ಕೂ ಸಂಬಂಧ ಇಲ್ಲ.

ಬಳೆ ಇದ್ದರೂ ಕಾವು ಸಿಗದೆ ಅದು ಮರಿಯಾಗುವುದಿಲ್ಲ. ರುಚಿಯಲ್ಲೂ ಸತ್ವದಲ್ಲೂ ವ್ಯತ್ಯಾಸ ಇಲ್ಲ. ಮಾಪುಸಾ ಶುಕ್ರವಾರದ ಸಂತೆಯಲ್ಲಿ ಗಾಂವ್ಟಿ, ಅಂದರೆ ನಾಟಿ ಮೊಟ್ಟೆ ಅಂತ ಜಾಸ್ತಿ ದುಡ್ಡು ಕೊಟ್ಟು ತರುತ್ತೇವಲ್ಲ, ಅವುಗಳಲ್ಲೂ ಬಳೆ ಇರಬಹುದು. ತಿನ್ನುವ ಮೊಟ್ಟೆಯನ್ನು ದಿನಾ ಎತ್ತಿ ಫ್ರಿಜ್ಜಿಗೆ ಹಾಕಿ, ಅಷ್ಟೇ. ಗೋವಾದ ಬೇಸಿಗೆ ಸೆಖೆಯಲ್ಲಿ ಹೊರಗೆ ಬುಟ್ಟಿಯಲ್ಲಿ ಬಿಡುವುದು ಒಳ್ಳೆಯದಲ್ಲ. ಹೇಂಟೆ ಎಲ್ಲೋ ಮರೆಯಲ್ಲಿ ಇಟ್ಟಿದ್ದರೆ ಇನ್ನೂ ಜೋಪಾನ. ಒಮ್ಮೆ ನಮ್ಮ ತೆಂಗಿನ ಗರಿಯ ರಾಶಿ ಕೆಳಗೆ ಒಂಬತ್ತು ಮೊಟ್ಟೆ ಸಿಕ್ಕವು. ಖುಷಿಯಿಂದ ತಂದು ಸೀದಾ ಹುರಿದ ಈರುಳ್ಳಿ ಮೇಲೆ ಒಡೆದೆ. ಮೂರನೆಯದರಲ್ಲಿ ಕೆಂಪು ನರಗಳ ಜಾಲ! ಹೇಂಟೆ ಅಷ್ಟು ದಿನ ಅಲ್ಲಿ ಕಾವು ಕೂತಿತ್ತು ಅನ್ನಿ. ಇಡೀ ಬಾಣಲೆ ಚೆಲ್ಲಿದೆ. ಆಮೇಲಿಂದ ಒಂದೊಂದೇ ಮೊಟ್ಟೆಯನ್ನು ಬಟ್ಟಲಿಗೆ ಒಡೆದೇ ಹಾಕುವುದು.

ಮರಿ ಬೇಕು ಅನ್ನುವವರಿಗೆ ಬೇರೆ ಮಾತು. ಇಡುವ ಮೊಟ್ಟೆಯನ್ನೇ ಒಡೆದರೆ ಏನು ಉಳಿಯುತ್ತದೆ? ಎರಡು ಮೂರು ಒಡೆದು ಬಳೆ ಕಂಡರೆ ಹುಂಜ ಸರಿಯಾಗಿದೆ ಅಂತ ತಿಳಿದು, ಬೇರೆ ಹತ್ತು ಹನ್ನೆರಡನ್ನು ಕಾವಿಗೆ ಇಡಿ. ಏಳು ದಿನದೊಳಗಿನವು ಇರಲಿ, ತೊಳೆಯಬೇಡಿ, ಚೂಪು ತುದಿ ಕೆಳಗೆ ಮಾಡಿ ತಂಪಾದ ಜಾಗದಲ್ಲಿ ಕೂಡಿಡಿ. ನಾನು ಒಮ್ಮೆ ಧಾರವಾಡದಿಂದ ಅಕ್ಕಿ ಡಬ್ಬಿಯಲ್ಲಿ ಹುಗಿದು ಬಸ್ಸಿನಲ್ಲಿ ಮೊಟ್ಟೆ ತಂದೆ. ಅನಮೋಡ ಘಾಟಿನ ತಿರುವುಗಳು ಗೊತ್ತಲ್ಲ, ಕುಲುಕಿ ಕುಲುಕಿ ಬಂದವು. ಅಂಥವನ್ನು ಒಂದು ದಿನ ಅಲ್ಲಾಡಿಸದೆ ಇಟ್ಟು ಆಮೇಲೆ ಕೂರಿಸಬೇಕು. ನಾನು ಬಂದ ರಾತ್ರಿಯೇ ಕೂರಿಸಿದೆ. ಅರ್ಧಕ್ಕರ್ಧ ಗೊಡ್ಡಾದವು.

ಕಾವಿಗೆ ಇಟ್ಟ ಏಳನೇ ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚ್ ಮೇಲೆ ರಟ್ಟಿನ ತುಂಡಿಗೆ ಎಂಟಾಣೆಯಷ್ಟು ತೂತು ಮಾಡಿ ಇಡಿ. ಮೊಟ್ಟೆಯ ದಪ್ಪ ತುದಿಯನ್ನು ತೂತಿಗೆ ಒತ್ತಿ ಹಿಡಿಯಿರಿ. ಜೇಡದ ಕಾಲಿನಂತೆ ಹರಡಿದ ಕೆಂಪು ನರ, ನಡುವೆ ಕಪ್ಪು ಚುಕ್ಕೆ ಕಂಡರೆ ಮರಿ ಬೆಳೆಯುತ್ತಿದೆ. ಒಳಗೆಲ್ಲ ತಿಳಿಯಾಗಿ ಹಳದಿ ನೆರಳಷ್ಟೇ ಇದ್ದರೆ ಗೊಡ್ಡು, ಇಲ್ಲವೇ ಮೊದಲ ದಿನಗಳಲ್ಲೇ ನಿಂತುಹೋಗಿದೆ. ಕೆಂಪು ಉಂಗುರ ಮಾತ್ರ ಕಂಡರೆ ಬೆಳೆದು ಸತ್ತದ್ದು. ಎರಡನ್ನೂ ತೆಗೆಯಿರಿ, ಕೊಳೆತು ಒಡೆದರೆ ಉಳಿದವೂ ಹಾಳು. ಗಿರಿರಾಜದಂಥ ತಳಿ ಕೋಳಿಯ ಕಂದು ಮೊಟ್ಟೆಯಲ್ಲಿ ಸರಿಯಾಗಿ ಕಾಣುವುದಿಲ್ಲ. ಸಂಶಯ ಇದ್ದರೆ ಪೆನ್ಸಿಲಿನಿಂದ ಗುರುತು ಮಾಡಿ ಹತ್ತನೇ ದಿನ ಮತ್ತೆ ನೋಡಿ. 18ನೇ ದಿನದಿಂದ ಮುಟ್ಟಲೇಬೇಡಿ. 21ಕ್ಕೆ ಚಿಂವ್ ಚಿಂವ್ ಕೇಳಬೇಕು.

ಹುಂಜ ಮಾರಿದ ಮೇಲೆ ಏನು ಅಂತಲೂ ಆ ಸೊಸೆ ಕೇಳಿದಳು. ಹೇಂಟೆಯ ಒಳಗೆ ಹುಂಜದ ಬೀಜ ಉಳಿದಿರುತ್ತದೆ. ಎರಡು ವಾರ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿಯೂ ಬಳೆಯ ಮೊಟ್ಟೆ ಬರುತ್ತದೆ. ಒಂದು ತಿಂಗಳು ಬಿಟ್ಟು ಅತ್ತೆಗೆ ಕೊಡು ಅಂದೆ. ಹುಂಜ ಮಾರಲು ಅವಳಿಗೆ ಮನಸ್ಸಿಲ್ಲ. ಅತ್ತೆಗೆ ಈಗಲೂ ಅಂಗಡಿಯಿಂದಲೇ ಆರು ಮೊಟ್ಟೆ ಬರುತ್ತವೆ. ಹಿತ್ತಲಿನವು ನಮ್ಮ ಮನೆಗೆ ಬರುತ್ತವೆ.