ಸಿಬಿಲ್ ಇನ್ನೂ ಎಳೆಯದು, ಕಾರ್ ಲೋನ್ ಸಿಗುತ್ತಾ?

ಕಲಬುರಗಿಯಲ್ಲಿ ನಾವು ಕಾರು ಕೊಳ್ಳುವ ಕ್ರಮವೇ ಉಲ್ಟಾ. ಮೊದಲು ಶೋರೂಮಿಗೆ ಹೋಗುತ್ತೇವೆ. ಬಣ್ಣ ಆರಿಸುತ್ತೇವೆ. ಸ್ಟೀರಿಂಗ್ ಹಿಡಿದು ಫೋಟೊ ತೆಗೆಸಿ ಸ್ಟೇಟಸ್ ಹಾಕುತ್ತೇವೆ. ಬುಕಿಂಗ್ ಅಂತ ಐದು ಸಾವಿರ ರೊಕ್ಕ ಕಟ್ಟುತ್ತೇವೆ. ಲೋನಿನ ಮಾತು ಬರುವುದು ಇಷ್ಟೆಲ್ಲ ಆದ ಮೇಲೆ.

ನನ್ನ ತಂಗಿಯ ಮಗನೂ ಹೀಗೇ ಮಾಡಿದ. ಖಾಸಗಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ, ಸೇರಿ 14 ತಿಂಗಳು, ಕೈಗೆ ಸಿಗುವ ಸಂಬಳ 31,000 ರೂಪಾಯಿ. ಶೋರೂಮಿನ ಹುಡುಗ ಆಧಾರ್, ಪ್ಯಾನ್ ಇಸಿದುಕೊಂಡ, ಒಟಿಪಿ ಕೇಳಿದ. ಇವನು ಹೇಳಿದ. ಒಂದೇ ವಾರದಲ್ಲಿ ಫೈಲು ನಾಲ್ಕು ಕಡೆ ಹೋಯಿತು. ಮೂರು ಕಡೆ ಆಗಲ್ಲ ಅಂದರು. ನಾಲ್ಕನೆಯವರು ಕೊಡುತ್ತೇವೆ ಅಂದರು, ಆ ಬಡ್ಡಿಯ ಕಥೆ ಮುಂದೆ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ನಮ್ಮ ಮನೆ ಕಟ್ಟೆ ಮೇಲೆ ಬಂದು ಕೂತ.

‘ಮಾಮಾ, ನಾ ಯಾರ ಸಾಲಾನೂ ಮುಳುಗಿಸಿಲ್ಲ. ಆದ್ರೂ ಸಿಬಿಲ್ ಸಾಲ್ದು ಅಂತಾರ ನೋಡ್ರಿ.’

ಬ್ಯಾಂಕಿನ ಸಾಲ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತು ಎದ್ದವನು ನಾನು. ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಜನ ಸಿಬಿಲ್ ಅನ್ನುವುದು ಸಾಲ ತೀರಿಸಿದ ಚರಿತ್ರೆ ನೋಡಿ ಕೊಡುವ ಅಂಕಕ್ಕೆ, ಅಂದರೆ ಸ್ಕೋರಿಗೆ. ಸಾಲ ಮುಳುಗಿಸಿದವನದು ಒಂದು ಕಥೆ, ಸಾಲವನ್ನೇ ಮಾಡದವನದು ಇನ್ನೊಂದು. ಎರಡನೆಯವನ ಬಗ್ಗೆ ಬ್ಯಾಂಕಿಗೆ ಸಿಟ್ಟಿಲ್ಲ, ಗುರುತಿಲ್ಲ ಅಷ್ಟೇ. ಆ ಗುರುತು ಮಾಡಿಸಿಕೊಳ್ಳುವ ಕೆಲಸವನ್ನು ಶೋರೂಮಿಗೆ ಕಾಲಿಡುವ ಮೊದಲೇ ಮುಗಿಸಬೇಕು.

ಮೊದಲು ನಿಮ್ಮ ರಿಪೋರ್ಟ್ ನೀವೇ ನೋಡಿ

ಸಿಬಿಲ್ ಅನ್ನುವುದು ನಿಜಕ್ಕೂ ಒಂದು ಕಂಪನಿಯ ಹೆಸರು. ಜನರ ಸಾಲದ ಲೆಕ್ಕ ಇಡುವ ಇಂಥ ಕಂಪನಿಗಳು ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು. ಅವರದೇ ವೆಬ್‌ಸೈಟಿನಲ್ಲಿ ಪ್ಯಾನ್ ನಂಬರ್, ಮೊಬೈಲ್ ನಂಬರ್ ಹಾಕಿ ತೆಗೆದುಕೊಳ್ಳಿ. ಇದಕ್ಕೆ ಅಂಗಡಿಯವನಿಗೆ ಇನ್ನೂರು ಮುನ್ನೂರು ಕೊಡಬೇಕಿಲ್ಲ. ನಿಮ್ಮ ರಿಪೋರ್ಟ್ ನೀವು ನೋಡಿದರೆ ಸ್ಕೋರು ಇಳಿಯುವುದೂ ಇಲ್ಲ.

ಸ್ಕೋರು 300ರಿಂದ 900ರ ನಡುವೆ ಇರುತ್ತದೆ. 750 ದಾಟಿದವರನ್ನು ಬ್ಯಾಂಕು ಕುರ್ಚಿ ಹಾಕಿ ಕೂರಿಸುತ್ತದೆ. ಸಾಲದ ಚರಿತ್ರೆಯೇ ಇಲ್ಲದವರಿಗೆ ಅಂಕಿಯ ಜಾಗದಲ್ಲಿ ‘-1’ ಅಥವಾ ‘ಎನ್‌ಎಚ್’ ಅಂತ ಬರುತ್ತದೆ. ಮೈನಸ್ ಅಂದಕೂಡಲೇ ಹೆದರಬೇಡಿ. ಅದು ಕೆಟ್ಟ ಅಂಕವಲ್ಲ, ಖಾಲಿ ಹಾಳೆ.

ನಮ್ಮ ಅಳಿಯನ ಹಾಳೆ ಪೂರ್ತಿ ಖಾಲಿ ಇರಲಿಲ್ಲ. ಹಿಂದಿನ ವರ್ಷ ಸೂಪರ್ ಮಾರ್ಕೆಟ್ ಹತ್ತಿರ 20,000 ರೂಪಾಯಿಯ ಮೊಬೈಲನ್ನು ಹನ್ನೆರಡು ಕಂತಿನಲ್ಲಿ ತೆಗೆದುಕೊಂಡಿದ್ದ. ಅದು ಸಾಲ ಅಂತ ಅವನಿಗೆ ಅನಿಸಿಯೇ ಇರಲಿಲ್ಲ. ರಿಪೋರ್ಟಿನಲ್ಲಿ ಆ ಮೊಬೈಲಿನ ಕೆಳಗೆ ತಿಂಗಳಿಗೊಂದರಂತೆ ಚಿಕ್ಕ ಚಿಕ್ಕ ಚೌಕ. ಒಂದೊಂದರಲ್ಲಿ ‘000’. ಅಂದರೆ ಒಂದು ದಿನವೂ ತಡವಿಲ್ಲ ಎಂದರ್ಥ. ಬೆರಳಿಟ್ಟು ಎಣಿಸುತ್ತಾ ಹೋದೆವು. ಒಂಬತ್ತನೆಯ ಚೌಕದಲ್ಲಿ ‘023’.

‘ಇದೇನಪ್ಪಾ?’ ಅಂದೆ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ನೆನಪಾಯಿತು. ಆಸ್ಪತ್ರೆಯವರು ಸಂಬಳಕ್ಕೆ ಹೊಸ ಖಾತೆ ಮಾಡಿಸಿದ್ದರು. ಮೊಬೈಲಿನ ಕಂತು ಮಾತ್ರ ಹಳೆ ಖಾತೆಯಿಂದ ಕಡಿತವಾಗುತ್ತಿತ್ತು. ಅಲ್ಲಿ ಉಳಿದದ್ದು ನಾನೂರು ರೂಪಾಯಿ. 1,667 ರೂಪಾಯಿ ಕಂತು ಬೌನ್ಸ್ ಆಗಿ, ಇವನಿಗೆ ಗೊತ್ತಾಗಿ, ಕಟ್ಟುವಷ್ಟರಲ್ಲಿ 23 ದಿನ. ನಾಲ್ಕು ವರ್ಷದ ಚರಿತ್ರೆ ಇದ್ದವನಿಗೆ ಇದು ಸೊಳ್ಳೆ ಕಡಿದಂತೆ. ಒಟ್ಟು ಹನ್ನೆರಡೇ ಚೌಕ ಇದ್ದವನಿಗೆ ಒಂದು ಕೆಟ್ಟರೂ ಎದ್ದು ಕಾಣುತ್ತದೆ.

ರಿಪೋರ್ಟಿನಲ್ಲಿ ನಿಮ್ಮದಲ್ಲದ ಸಾಲವೂ ಇರಬಹುದು, ಹುಡುಕಿ. ನಮ್ಮ ಕಡೆ ಇದು ಜಾಸ್ತಿ. ‘ಶರಣಬಸಪ್ಪಾ’ ಅಂತ ಗಂಜ್ ಮಾರುಕಟ್ಟೆಯಲ್ಲಿ ನಿಂತು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಆಧಾರಿನಲ್ಲಿ ಒಂದು ಸ್ಪೆಲ್ಲಿಂಗು, ಪ್ಯಾನಿನಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮೂರನೆಯದು. ತಪ್ಪು ಕಂಡರೆ ಆ ಕಂಪನಿಯ ವೆಬ್‌ಸೈಟಿನಲ್ಲೇ ದೂರು ಹಾಕಿ. 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ.

ಚರಿತ್ರೆ ಬೆಳೆಸಲು ಆರು ತಿಂಗಳು

ಕಾರು ನಾಳೆಯೇ ಬೇಕು ಅನ್ನುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಕಾಯುವ ತಾಳ್ಮೆ ಇದ್ದರೆ ಆರು ತಿಂಗಳು ತುಂಬಾ ಕೆಲಸ ಮಾಡುತ್ತದೆ.

ಸುಲಭದ ದಾರಿ ಎಫ್‌ಡಿ ಮೇಲೆ ಕೊಡುವ ಕ್ರೆಡಿಟ್ ಕಾರ್ಡ್. ಅಳಿಯನಿಗೆ 20,000 ರೂಪಾಯಿ ಎಫ್‌ಡಿ ಮಾಡಿಸಿದೆ. ಅದರ ಆಧಾರದ ಮೇಲೆ 16,000 ಮಿತಿಯ ಕಾರ್ಡ್ ಸಿಕ್ಕಿತು. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಬ್ಯಾಂಕಿಗೂ ಭಯವಿಲ್ಲ. ಆ ಕಾರ್ಡಿನಲ್ಲಿ ಬೈಕಿನ ಪೆಟ್ರೋಲು, ಜೆಸ್ಕಾಂ ಕರೆಂಟ್ ಬಿಲ್ಲು, ಮೊಬೈಲ್ ರೀಚಾರ್ಜ್ ಇಷ್ಟೇ ಮಾಡು ಅಂದೆ. ತಿಂಗಳಿಗೆ ನಾಲ್ಕು ಸಾವಿರ ದಾಟಬಾರದು. ಮಿತಿಯ ಮೂರನೇ ಒಂದು ಪಾಲಿನ ಒಳಗಿದ್ದರೆ ಸ್ಕೋರಿಗೆ ಒಳ್ಳೆಯದು. ಬಿಲ್ಲು ಬಂದಾಗ ‘ಮಿನಿಮಮ್’ ಅಂತ ಒಂದು ಸಣ್ಣ ಮೊತ್ತ ತೋರಿಸುತ್ತಾರಲ್ಲ, ಅದನ್ನು ಕಣ್ಣೆತ್ತಿಯೂ ನೋಡಬೇಡಿ. ಪೂರ್ತಿ ಕಟ್ಟಿ. ಬಾಕಿ ಉಳಿದರೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಗೂ ಮೇಲೆ ಬಡ್ಡಿ. ನಮ್ಮೂರ ಕೈಸಾಲದವನೇ ವಾಸಿ ಅನ್ನುವಂತಾಗುತ್ತದೆ.

2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಈ ಲೆಕ್ಕವನ್ನು ಸಿಬಿಲ್‌ನಂಥ ಕಂಪನಿಗಳಿಗೆ ಕಳಿಸಬೇಕು. ಹಾಗಾಗಿ ನೀವು ಕಟ್ಟಿದ್ದು ಮೊದಲಿಗಿಂತ ಬೇಗ ರಿಪೋರ್ಟಿನಲ್ಲಿ ಕಾಣುತ್ತದೆ. ಕಟ್ಟದೆ ಇದ್ದದ್ದೂ ಅಷ್ಟೇ ಬೇಗ.

ಈ ಆರು ತಿಂಗಳಲ್ಲಿ ಬೇರೆ ಎಲ್ಲೂ ಸಾಲ ಕೇಳಬೇಡಿ. ನೀವು ಅರ್ಜಿ ಹಾಕಿದಾಗಲೆಲ್ಲ ಸಾಲ ಕೊಡುವವರು ನಿಮ್ಮ ರಿಪೋರ್ಟ್ ತೆಗೆದು ನೋಡುತ್ತಾರೆ, ಆ ನೋಟವೂ ದಾಖಲಾಗುತ್ತದೆ. ಒಂದೇ ವಾರದಲ್ಲಿ ನಾಲ್ಕು ನೋಟ ಕಂಡರೆ ‘ಈ ಹುಡುಗನಿಗೆ ರೊಕ್ಕದ ಅವಸರ ಏನೋ ಇದೆ’ ಅಂತ ಐದನೆಯವನು ಅಂದುಕೊಳ್ಳುತ್ತಾನೆ. ಸುಮ್ನೆ ಕೊಟ್ಟ ಒಂದು ಒಟಿಪಿಯ ಬೆಲೆ ಇದು.

ಖಾತೆಯೇ ಸಾಕ್ಷಿ ಹೇಳಲಿ

ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ಚರಿತ್ರೆ ಇಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಲೋಕಸಭೆಯಲ್ಲೂ ಇದನ್ನು ತಿಳಿಸಿತು. ಕೌಂಟರಿನಲ್ಲಿ ಇದನ್ನು ಹೇಳಿ ಜಗಳ ಆಡಿ ಅಂತಲ್ಲ. ಬೇರೆ ಕಾರಣಕ್ಕೆ ಇಲ್ಲ ಅನ್ನುವ ಅಧಿಕಾರ ಬ್ಯಾಂಕಿಗೆ ಇದ್ದೇ ಇದೆ. ಆ ಬೇರೆ ಕಾರಣ ಸಿಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಸಂಬಳದವರಿಂದ ಸಾಮಾನ್ಯವಾಗಿ ಮೂರು ತಿಂಗಳ ಸ್ಯಾಲರಿ ಸ್ಲಿಪ್, ಆರು ತಿಂಗಳ ಸ್ಟೇಟ್‌ಮೆಂಟ್, ಫಾರಂ 16 (ಕೆಲಸ ಕೊಟ್ಟವರು ಕೊಡುವ ಸಂಬಳ, ತೆರಿಗೆಯ ಪತ್ರ) ಕೇಳುತ್ತಾರೆ. ಸ್ಟೇಟ್‌ಮೆಂಟ್ ಕೈಗೆ ಬಂದಾಗ ನಾನು ಮೊದಲು ನೋಡುತ್ತಿದ್ದದ್ದು ಸಂಬಳದ ಸಾಲನ್ನಲ್ಲ. ತಿಂಗಳ 25ನೇ ತಾರೀಖಿಗೆ ಖಾತೆಯಲ್ಲಿ ಎಷ್ಟು ಉಳಿದಿದೆ ಅಂತ ನೋಡುತ್ತಿದ್ದೆ. ಒಂದನೇ ತಾರೀಖು 31,000 ಬಂದು, ಐದಕ್ಕೆ 212 ರೂಪಾಯಿ ಉಳಿಯುವ ಖಾತೆಗೆ ಕಂತು ಎಲ್ಲಿಂದ ಬರಬೇಕು? ಆರು ತಿಂಗಳು ಒಂದು ಅಭ್ಯಾಸ ಮಾಡಿ. ಮುಂದೆ ಕಟ್ಟಬೇಕಾದ ಕಂತಿನಷ್ಟು ರೊಕ್ಕವನ್ನು ಪ್ರತಿ ತಿಂಗಳು ಅದೇ ಬ್ಯಾಂಕಿನ ಆರ್‌ಡಿಗೆ ಹಾಕಿ. ಕಟ್ಟಲು ಆಗುತ್ತದಾ ಅಂತ ನಿಮಗೂ ಗೊತ್ತಾಗುತ್ತದೆ, ಬ್ಯಾಂಕಿಗೂ. ಕೊನೆಗೆ ಅದೇ ಡೌನ್ ಪೇಮೆಂಟ್ ಆಗುತ್ತದೆ.

ಅಂಗಡಿ ಇಟ್ಟವರಿಗೆ ಎರಡು ವರ್ಷದ ಐಟಿ ರಿಟರ್ನ್ ಬೇಕಾಗುತ್ತದೆ. ತೊಗರಿ ಬೆಳೆಯುವವರದು ಬೇರೆಯೇ ಪಾಡು. ವರ್ಷದ ಆದಾಯವೆಲ್ಲ ಚಳಿಗಾಲದ ಎರಡು ಮೂರು ತಿಂಗಳಲ್ಲಿ ಬರುತ್ತದೆ. ಟ್ರ್ಯಾಕ್ಟರ್ ಸಾಲಕ್ಕೆ ಆರು ತಿಂಗಳ ಕಂತು ಸಿಗಬಹುದು, ಕಾರಿಗೆ ಸಾಮಾನ್ಯವಾಗಿ ತಿಂಗಳ ಕಂತೇ. ಅಡತಿ ಅಂಗಡಿಯಿಂದ ನಗದು ತರುವ ಬದಲು ಖಾತೆಗೆ ಹಾಕಿಸಿಕೊಳ್ಳಿ, ಮಾರಾಟದ ಪಟ್ಟಿಗಳನ್ನು ಜೋಪಾನವಾಗಿಡಿ, ಪಹಣಿ ಜೊತೆಗಿರಲಿ. ಬೆಳೆ ಸಾಲವೂ ಈ ರಿಪೋರ್ಟಿನಲ್ಲಿ ಬರುತ್ತದೆ ಅಂತ ಬಹಳ ಜನರಿಗೆ ಗೊತ್ತಿಲ್ಲ. ರಿನೀವಲ್ ತಡ ಮಾಡಿದ್ದು ಅಲ್ಲಿ ಹಾಗೇ ಕೂತಿರುತ್ತದೆ.

ಚರಿತ್ರೆ ಗಟ್ಟಿ ಇರುವ ಒಬ್ಬರನ್ನು ಸಹ ಅರ್ಜಿದಾರರಾಗಿ ಸೇರಿಸಿದರೆ ಕೆಲಸ ಹಗುರ. ನನ್ನ ತಂಗಿ ಸರ್ಕಾರಿ ಶಾಲೆಯ ಟೀಚರ್. ಅವಳು ಸಹಿ ಹಾಕಿದಳು. ಹಾಕುವ ಮೊದಲು ಅವಳನ್ನು ಒಳಗೆ ಕರೆದು ಹೇಳಿದೆ: ‘ಇವ ಕಂತು ತಪ್ಪಿಸಿದ್ರ ಚೌಕ ಕೆಡೋದು ನಿಂದೂ, ಗೊತ್ತದಲ್ಲ?’ ಅವಳು ಮಗನ ಮುಖವನ್ನೊಮ್ಮೆ ನೋಡಿ, ಆಮೇಲೆ ಪೆನ್ನು ತೆಗೆದುಕೊಂಡಳು.

ಎಷ್ಟು ಕೇಳಬೇಕು

ಎಲ್ಲ ಕಂತೂ ಸೇರಿ ಸಂಬಳದ ಅರ್ಧ ದಾಟಿದರೆ ಬ್ಯಾಂಕು ಹಿಂದೇಟು ಹಾಕುತ್ತದೆ. ನನ್ನನ್ನು ಕೇಳಿದರೆ ಎಳೆ ಸಿಬಿಲ್‌ನವರು ಮೂರನೇ ಒಂದರ ಒಳಗೇ ಇರಬೇಕು. ಕಾರು ಕಂತನ್ನು ಮಾತ್ರ ತಿನ್ನುವುದಿಲ್ಲ, ಪೆಟ್ರೋಲು, ಸರ್ವಿಸು, ವಿಮೆಯನ್ನೂ ತಿನ್ನುತ್ತದೆ.

ಶೋರೂಮಿನ ಬೆಲೆಗೆ ಮರುಳಾಗಬೇಡಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ರಸ್ತೆ ತೆರಿಗೆಯೇ 14%, ಅದರ ಮೇಲೆ ಸೆಸ್. ಆರೂವರೆ ಲಕ್ಷದ ಕಾರು ವಿಮೆ ಎಲ್ಲ ಸೇರಿ ಕೆಎ-32 ನಂಬರ್ ಹಾಕಿಸಿಕೊಳ್ಳುವ ಹೊತ್ತಿಗೆ ಏಳೂವರೆ ದಾಟಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18%ಕ್ಕೆ ಇಳಿದಿದೆ. ಆ ಉಳಿತಾಯವನ್ನು ದೊಡ್ಡ ಮಾಡೆಲಿಗೆ ಹಾಕದೆ ಡೌನ್ ಪೇಮೆಂಟಿಗೆ ಸೇರಿಸಿ. ಮುಂಗಡ ಜಾಸ್ತಿ ಇದ್ದಷ್ಟೂ ಬ್ಯಾಂಕಿಗೆ ಧೈರ್ಯ.

ಬಡ್ಡಿಯ ಲೆಕ್ಕ

ಈಗ ಆ ನಾಲ್ಕನೆಯವರ ಕಥೆ. ‘ಬರೀ 7% ಬಡ್ಡಿ’ ಅಂದಿದ್ದರಂತೆ. ಕಾಗದದ ಮೂಲೆಯಲ್ಲಿ ‘ಫ್ಲ್ಯಾಟ್’ ಅಂತ ಇತ್ತು. ಅಂದರೆ ಅಸಲು ತೀರುತ್ತಾ ಹೋದರೂ ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಮೊತ್ತದ ಮೇಲೆಯೇ. 5 ಲಕ್ಷಕ್ಕೆ ಐದು ವರ್ಷಕ್ಕೆ 1,75,000 ಬಡ್ಡಿ, ತಿಂಗಳಿಗೆ 11,250 ಕಂತು. ಬ್ಯಾಂಕುಗಳು ಲೆಕ್ಕ ಹಾಕುವಂತೆ ಉಳಿದ ಅಸಲಿನ ಮೇಲೆ ಹಾಕಿ ನೋಡಿದರೆ ಇದು ಸುಮಾರು 12.5% ಆಗುತ್ತದೆ! ಅದೇ 5 ಲಕ್ಷ 9.5%ಗೆ ಸಿಕ್ಕರೆ ಕಂತು ಸುಮಾರು 10,500.

‘ಏಳು ವರ್ಷ ಮಾಡಿ ಸರ್, ಕಂತು ಕಮ್ಮಿಯಾಗುತ್ತೆ’ ಅನ್ನುವ ಮಾತೂ ಬರುತ್ತದೆ. ಕಮ್ಮಿಯಾಗುವುದು ನಿಜ. 9.5%ಗೆ ಕಂತು ಸುಮಾರು 8,170ಕ್ಕೆ ಇಳಿಯುತ್ತದೆ. ಒಟ್ಟು ಕಟ್ಟುವುದು ಮಾತ್ರ 56,000 ರೂಪಾಯಿ ಜಾಸ್ತಿ.

ಇದನ್ನೆಲ್ಲ ನೀವೇ ಲೆಕ್ಕ ಹಾಕಬೇಕಿಲ್ಲ. 2024ರ ಅಕ್ಟೋಬರ್‌ನಿಂದ ಸಾಲ ಕೊಡುವವರು ಸಹಿಗೆ ಮೊದಲು ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಹಾಳೆ ಕೊಡಲೇಬೇಕು. ಅದರಲ್ಲಿ ಎಪಿಆರ್ ಅಂತ ಒಂದು ಅಂಕಿ ಇರುತ್ತದೆ. ಬಡ್ಡಿ, ಪ್ರೊಸೆಸಿಂಗ್ ಫೀ ಎಲ್ಲ ಸೇರಿದ ವರ್ಷದ ನಿಜವಾದ ದರ ಅದು. ಎರಡು ಬ್ಯಾಂಕಿನ ಹಾಳೆ ಪಕ್ಕಪಕ್ಕ ಇಟ್ಟು ಆ ಒಂದು ಅಂಕಿ ಹೋಲಿಸಿ. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡವಿದೆಯಾ ಅಂತಲೂ ಅಲ್ಲೇ ನೋಡಿ. ‘ಲೋನ್ ಸುರಕ್ಷಾ’ ವಿಮೆ ಸೇರಿಸಿದ್ದರೆ ಬೇಡ ಅನ್ನಬಹುದು, ಅದು ಕಡ್ಡಾಯವಲ್ಲ.

ಮೊದಲು ಸಂಬಳದ ಖಾತೆ ಇರುವ ಬ್ಯಾಂಕಿಗೇ ಹೋಗಿ. ಅಳಿಯ ಏಳನೇ ತಿಂಗಳಿಗೆ ಹೋದ. ಐದು ಲಕ್ಷದ ಆಸೆ ಬಿಟ್ಟು ನಾಲ್ಕು ಲಕ್ಷ ಕೇಳಿದ. ಸ್ಕೋರು 731 ಇತ್ತು. 10%ಗೆ ಐದು ವರ್ಷಕ್ಕೆ ಮಂಜೂರಾಯಿತು, ಕಂತು 8,499.

ಮಂಜೂರಾದ ಮೇಲೆ

ವೆರಿಫಿಕೇಶನ್‌ಗೆ ಒಬ್ಬ ಹುಡುಗ ಮನೆಗೆ ಬರುತ್ತಾನೆ, ಪಕ್ಕದ ಮನೆಯವರನ್ನೂ ವಿಚಾರಿಸುತ್ತಾನೆ. ಆಧಾರಿನಲ್ಲಿ ಆಳಂದ ತಾಲ್ಲೂಕಿನ ಹಳ್ಳಿ, ಇರುವುದು ಕಲಬುರಗಿಯ ಬಾಡಿಗೆ ಮನೆ ಅಂತಾದರೆ ಬಾಡಿಗೆ ಕರಾರು ತೆಗೆದಿಟ್ಟುಕೊಳ್ಳಿ.

ಕಂತಿನ ತಾರೀಖನ್ನು ನೀವೇ ಕೇಳಿ ಹಾಕಿಸಿಕೊಳ್ಳಿ. ಸಂಬಳ ಏಳಕ್ಕೆ ಬರುವುದಾದರೆ ಕಂತು ಹತ್ತಕ್ಕೆ. ಅತಿಥಿ ಉಪನ್ಯಾಸಕರು, ಗುತ್ತಿಗೆ ನೌಕರರಿಗೆ ಎರಡು ಮೂರು ತಿಂಗಳ ಸಂಬಳ ಒಟ್ಟಿಗೆ ಆಗುವುದುಂಟು. ಅಂಥವರು ಮೂರು ಕಂತಿನ ರೊಕ್ಕ ಖಾತೆಯಲ್ಲಿ ಇಟ್ಟುಕೊಂಡೇ ಕಾರಿಗೆ ಕೈ ಹಾಕಬೇಕು.

ಸಾಲ ತೀರುವ ತನಕ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರೂ ಇರುತ್ತದೆ. ಕೊನೆಯ ಕಂತು ಕಟ್ಟಿದ ಮೇಲೆ ಬ್ಯಾಂಕಿನಿಂದ ಎನ್‌ಒಸಿ (ನಮ್ಮ ತಕರಾರಿಲ್ಲ ಎಂಬ ಪತ್ರ) ಮತ್ತು ಫಾರಂ 35 ಇಸಿದುಕೊಂಡು ಆರ್‌ಟಿಒದಲ್ಲಿ ಆ ಹೆಸರು ತೆಗೆಸಬೇಕು. ನಮ್ಮ ಓಣಿಯವರೊಬ್ಬರು ಇದನ್ನು ಮರೆತು ಎಂಟು ವರ್ಷದ ಮೇಲೆ ಕಾರು ಮಾರಲು ಹೋದರು. ಗಿರಾಕಿ ರೊಕ್ಕ ಹಿಡಿದು ಬಾಗಿಲಲ್ಲಿ ನಿಂತಿದ್ದ. ಸಾಲ ಕೊಟ್ಟ ಬ್ಯಾಂಕು ಅಷ್ಟರಲ್ಲಿ ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಗಿತ್ತು. ಹಳೆ ಫೈಲು ಹುಡುಕಿಸಿ ಎನ್‌ಒಸಿ ತರುವಷ್ಟರಲ್ಲಿ ಎರಡು ತಿಂಗಳಾಯಿತು. ಗಿರಾಕಿ ಅಷ್ಟರೊಳಗೆ ಬೇರೆ ಗಾಡಿ ತೆಗೆದುಕೊಂಡಿದ್ದ.