ಕುದರಿ ವಯಸ್ಸ ಹಲ್ಲ ನೋಡಿ ಹೇಳೋದ ಹೆಂಗ

ನಮ್ಮ ಅಥಣಿ ರಾಯಬಾಗ ಕಡೆ ಕುದರಿ ಗಾಡಿ ಶರ್ಯತ್ತಿನ ಹುಚ್ಚ ನಿಮಗ ಗೊತ್ತ ಐತಿ, ಜಾತ್ರಿ ಸೀಸನ್ ಬಂತಂದ್ರ ಯಾರರೇ ಒಬ್ಬ ಹುಡುಗ ಫೋನ ಮಾಡಿ 'ಅಣ್ಣಾ, ಒಂದ ಕುದರಿ ನೋಡೇನಿ, ಐದ ವರ್ಷದ್ದ ಅನ್ನಾತಾನ, ತಗೊಳ್ಳೇನು?' ಅಂತ ಕೇಳ್ತಾನ. ಬಾಯಿ ತೆಗದ ನೋಡಿಯೇನಪಾ ಅಂದ್ರ ಸುಮ್ಮ. ಇಲ್ಲಾ ನೋಡಿರ್ತಾನ, ಎತ್ತಿನ ಬಾಯಿ ನೋಡಿದಂಗ ತೆಳಗಿನ ಹಲ್ಲಷ್ಟ ನೋಡಿರ್ತಾನ. ಎತ್ತಿಗೆ ಮುಂದಿನ ಹಲ್ಲ ತೆಳಗ ಎಂಟು, ಮ್ಯಾಲ ಒಂದೂ ಇಲ್ಲ. ಕುದರಿಗೆ ಮ್ಯಾಲ ಆರು, ತೆಳಗ ಆರು. ಎತ್ತಿನ ಲೆಕ್ಕ ಇಲ್ಲಿ ನಡಿಯೂದಿಲ್ಲ.

ಮೊದಲ ಬಾಯಿ ಹಿಡಿಯೋದು. ಮಾಲಕನ ಕೈಯಾಗ ಹಗ್ಗ ಕೊಡ್ರಿ, ನೀವ ಎದರಿಗೆ ನಿಲ್ಲಬ್ಯಾಡ್ರಿ, ಎಡಕ್ಕ ಹೆಗಲ ಕಡೆ ನಿಲ್ರಿ, ಮುಂದಿನ ಕಾಲ ಎತ್ತಿ ಹೊಡದ್ರ ನೆಟ್ಟಗ ಮೊಣಕಾಲಿಗೆ ಬೀಳತೈತಿ. ಒಂದ ಕೈ ಮೂಗಿನ ಮ್ಯಾಲ ಇಟ್ಟು ಇನ್ನೊಂದ ಕೈಲೆ ತುಟಿ ಅಷ್ಟ ಎತ್ತಿ ಮುಂದಿಂದ ನೋಡ್ರಿ, ಆಮ್ಯಾಲ ಮುಂದಿನ ಹಲ್ಲಿಗೂ ದವಡಿ ಹಲ್ಲಿಗೂ ನಡು ಲಗಾಮಿನ ಕಡ್ಡಿ ಕುಂದ್ರೋ ಖಾಲಿ ಜಾಗ ಐತೆಲ್ಲ, ಅಲ್ಲೆ ಹೆಬ್ಬಟ್ಟ ಹಾಕಿದ್ರ ತಾನ ಬಾಯಿ ತೆಗೀತೈತಿ. ನಾಲಿಗಿ ಎಳಿಯಾಕ ಹೋಗಬ್ಯಾಡ್ರಿ. ಟಾರ್ಚ್ ಇರ್ಲಿ.

ಐದ ವರ್ಷದ ತನಕ ಸಸಾರ. ಹಾಲಹಲ್ಲು ಸಣ್ಣೂ, ಬೆಳ್ಳಗ, ವಸಡಿನ ಹತ್ರ ಕುತ್ತಿಗಿ ಹಿಡದಂಗ ಇರ್ತಾವ, ಖಾಯಂ ಹಲ್ಲು ಅಗಲ, ಉದ್ದ, ಒಂಚೂರ ಹಳದಿ. ಎರಡೂವರಿಗೆ ನಡಬರಕಿನ ಜೋಡಿ ಬಿದ್ದ ಹೊಸಾದ ಬರ್ತಾವ, ಮೂರೂವರಿಗೆ ಅದರ ಬಾಜೂಕಿನ ಜೋಡಿ, ನಾಕೂವರಿಗೆ ಮೂಲಿದು. ಐದಕ್ಕ ಬಾಯಿ ಕೂಡತೈತಿ, ಅಂದ್ರ ಮುಂದಿನ ಖಾಯಂ ಹಲ್ಲು ಎಲ್ಲಾ ತುಂಬತಾವ. ಗಂಡ ಇದ್ರ ನಾಕರಿಂದ ಐದರೊಳಗ ಆ ಖಾಲಿ ಜಾಗದಾಗ ಕೋರೆಹಲ್ಲೂ ಮೂಡತಾವ, ಹೆಣ್ಣಿಗೆ ಬಾಳ ಮಾಡಿ ಇರೂದಿಲ್ಲ. ಒಂದ ಕಡೆ ಮಾತ್ರ ಜ್ವಾಕಿ, ಎರಡ ವರ್ಷದ ಕುದರಿಗೂ ಆರೂ ಹಾಲಹಲ್ಲು ತುಂಬಿರ್ತಾವ, ಗಡಿಬಿಡ್ಯಾಗ ನೋಡಿದವಂಗ ಬಾಯಿ ಕೂಡೇತಿ ಅಂತ ಕಾಣತೈತಿ, ಎಳೀ ಕುದರಿನ ಗಾಡಿಗೆ ಹೂಡಿ ಕಾಲ ಕೆಡಿಸಿದವ್ರನ್ನ ನೋಡೇನಿ.

ಐದ ದಾಟಿದ ಮ್ಯಾಲ ಹಲ್ಲಿನ ತುದಿ ನೋಡಬೇಕ, ಅಂದ್ರ ಮೇವ ಕಡಿಯೋ ಮುಖ. ಅದರ ನಡು ಕರೇ ತಗ್ಗ ಇರತೈತಿ. ಸವದಂಗ ಸವದಂಗ ಆ ತಗ್ಗ ಅಳಿಸಿ ಹೋಗತೈತಿ, ತೆಳಗಿನ ದವಡಿಯೊಳಗ ನಡಬರಕಿಂದ ಆರಕ್ಕ, ಬಾಜೂದ ಏಳಕ್ಕ, ಮೂಲಿದ ಎಂಟಕ್ಕ. ಮ್ಯಾಲಿನ ಹಲ್ಲಿನಾಗ ಹಿಂಗ ಒಂಬತ್ತ, ಹತ್ತ, ಹನ್ನೊಂದ ಅಂತಾರ ಖರೆ, ಆದ್ರ ನಾ ಅದನ್ನ ಅಷ್ಟ ನಂಬೂದಿಲ್ಲ, ಏರುಪೇರ ಬಾಳ. ಉಸಕಿನ ನೆಲದಾಗ ಮೇಯ್ದ ಕುದರಿದ ಲಗೂನ ಸವೀತಾವ, ಕಟ್ಟಿಗಿ ಗ್ವಾದಲಿ ಕಡಿಯೋ ಚಟ ಇದ್ದದ್ದರದ್ದಂತೂ ಕೇಳೂದ ಬ್ಯಾಡ.

ಈ ತಗ್ಗ ನಂಬೇ ನಾ ಮೋಸ ಹೋದೆ. ದಲ್ಲಾಳಿ ಆರ ವರ್ಷ ಅಂದ, ನೋಡಿದೆ, ತೆಳಗಿನ ಹಲ್ಲಿನಾಗ ಕರೇ ತಗ್ಗ ಚಂದ ಅದಾವ, ಟವೆಲ್ ತೆಳಗ ಬೆರಳ ಹಿಡದು ವ್ಯಾಪಾರ ಮುಗಿಸಿ ಟೆಂಪೋದಾಗ ಹಾಕ್ಕೊಂಡ ಬಂದೆ. ನಮ್ಮ ಕಾಕಾ ಮೊದಲ ಟಾಂಗಾ ಹೊಡೀತಿದ್ದ. ಕುದರಿ ಇಳಿಸೂದರಾಗ ಬಂದು ತೆಳಗ ನೋಡ್ಲೇ ಇಲ್ಲ, ಮ್ಯಾಲಿನ ತುಟಿ ಎತ್ತಿ ಮೂಲಿ ಹಲ್ಲಿನ ಮ್ಯಾಲ ಉಗರ ಎಳದ. ವಸಡಿನಿಂದ ಅರ್ಧ ಹಲ್ಲಿನ ತನಕ ಕಂದ ಗೀರ. 'ಹದಿನೈದರ ಆಸಪಾಸ ಐತಿ ತಮ್ಮಾ, ಯಾರ ಆರ ಅಂದವ್ರು?' ಅಂದ.

ಆ ಗೀರಿಗೆ ಗಾಲ್ವೇನ್ ಗೀರ ಅಂತಾರ. ಮ್ಯಾಲಿನ ಮೂಲಿ ಹಲ್ಲಿನ ಹೊರಮೈಗೆ ಹತ್ತ ವರ್ಷಕ್ಕ ವಸಡಿನ ಹಂತೇಕ ಹಣಿಕಿ ಹಾಕತೈತಿ, ಹದಿನೈದಕ್ಕ ಅರ್ಧ ಇಳೀತೈತಿ, ಇಪ್ಪತ್ತಕ್ಕ ತುದಿ ಮುಟ್ಟತೈತಿ. ಆಮ್ಯಾಲ ಮ್ಯಾಲಿಂದ ಅಳಿಸಾಕ ಹತ್ತತೈತಿ, ಇಪ್ಪತ್ತೈದಕ್ಕ ತೆಳಗಿನ ಅರ್ಧ ಉಳೀತೈತಿ, ಮೂವತ್ತಕ್ಕ ಇಲ್ಲ. ಇದೂ ಗಡಿಯಾರ ಅಲ್ಲ, ಎರಡ ಮೂರ ವರ್ಷ ಆಕಡೆ ಈಕಡೆ ಆಗಬಹುದು, ಆದ್ರ ಆರನ್ನ ಹದಿನೈದ ಮಾಡೂದಿಲ್ಲ.

ಹಂಗಾದ್ರ ತಗ್ಗ ಎಲ್ಲಿಂದ ಬಂತು? ಕೊರದಿದ್ರು. ಮುದಿ ಹಲ್ಲ ಕೊರದ ಸುಟ್ಟ ಕರ್ರಗ ಮಾಡೋದು ಹಳೇ ಧಂದೆ, ಇಂಗ್ಲಿಷನಾಗ ಇದಕ್ಕ ಬಿಷಪಿಂಗ್ ಅಂತ ಹೆಸರ ಬ್ಯಾರೆ ಐತಿ. ಖರೇ ತಗ್ಗಿನ ಸುತ್ತ ಬಿಳೇ ಗಟ್ಟಿ ಉಂಗರ ಇರತೈತಿ, ಬೆರಳ ಆಡಿಸಿದ್ರ ದಂಡಿ ಎದ್ದಿದ್ದು ಹತ್ತತೈತಿ. ಕೊರದಿದ್ದಕ್ಕ ಉಂಗರ ಇರೂದಿಲ್ಲ.

ಹಲ್ಲಿನ ಆಕಾರಾನೂ ಸುಳ್ಳ ಹೇಳೂದಿಲ್ಲ. ಎಳೇದರದ್ದು ಕಡಿಯೋ ಮುಖ ಅಡ್ಡ ಉದ್ದ ಇರತೈತಿ, ಹತ್ತ ದಾಟತಿದ್ದಂಗ ದುಂಡಗ, ಮುದಿ ಆದಂಗ ಮೂರ ಮೂಲಿ. ಬಾಜೂಲೆ ನಿಂತ ನೋಡಿದ್ರ ಎಳೇದರ ಹಲ್ಲ ನೆಟ್ಟಗ ಒಂದಕ್ಕೊಂದ ಕೂಡ್ತಾವ, ಮುದೀದರದ್ದು ಮುಂದಕ್ಕ ಚಾಚಿ ಚೂಪ ಆಗಿರ್ತಾವ.

ಕಣ್ಣ ಮ್ಯಾಲಿನ ತಗ್ಗು, ಹುಬ್ಬಿನ ನರಿಗೂದಲ, ಬಗ್ಗಿದ ಬೆನ್ನ ಇವೆಲ್ಲಾ ನೋಡ್ರಿ, ಆದ್ರ ಮೈಗೂಡಿಸಿ ತಂದ್ರ ಕಣ್ಣಿನ ತಗ್ಗ ಮುಚ್ಚತಾವ, ಸೊರಗಿದ್ರ ಎಳೀ ಕುದರಿಗೂ ಬೀಳತಾವ. ಇನ್ನ ಲಗ್ನದ ಮೆರವಣಿಗಿಯ ಬಿಳೇ ಕುದರಿ ಬಣ್ಣ ನೋಡಿ ಮುದಿ ಅನ್ನಬ್ಯಾಡ್ರಿ, ಅವುಗಳೊಳಗ ಎಷ್ಟೋ ಹುಟ್ಟುವಾಗ ಕಪ್ಪ ಕಂದ ಇದ್ದು ಎಳೇ ವಯಸ್ಸಿನಿಂದಲೇ ವರ್ಷಾ ವರ್ಷಾ ಬೆಳ್ಳಗ ಆಗುವಂಥವು.

ಮಹಾರಾಷ್ಟ್ರದ ಸಾರಂಗಖೇಡಾದಂಥ ದೂರದ ಕುದರಿ ಬಜಾರಕ್ಕ ಹೋಗೋವ್ರು ಮಾಲಕ ವಯಸ್ಸ ಹೇಳೂಕ್ಕಿಂತ ಮೊದಲ ಬಾಯಿ ನೋಡ್ರಿ, ಕಿವಿಗೆ ಆರ ಅಂತ ಬಿದ್ದ ಮ್ಯಾಲ ಕಣ್ಣಿಗೂ ಆರ ಕಾಣತೈತಿ. ಮ್ಯಾಲಿನ ಎರಡೂ ಮೂಲಿ ಹಲ್ಲಿಂದ ಮೊಬೈಲಿನಾಗ ಫೋಟೋ ಹೊಡ್ಕೊಂಡ ಪಶು ಡಾಕ್ಟರಿಗೆ ಕಳಸ್ರಿ, ಉತ್ತರ ಬರೂತನಕ ಟವೆಲ್ ತೆಳಗ ಕೈ ಹಾಕಬ್ಯಾಡ್ರಿ.